ಯಾದವಗಿರಿಯೂ ಆಯ್ಕೆಯ ಪಾಠಶಾಲೆಗಳೂ

ಮೈಸೂರು ನಗರದಲ್ಲಿ ರೈಲ್ವೆ ನಿಲ್ದಾಣದ ಉತ್ತರಕ್ಕೆ, ಒಂಟಿಕೊಪ್ಪಲಿನ ಎಲ್ಲೆಗೆ ಸೇರಿಕೊಂಡಂತೆ ಇರುವ ಬಡಾವಣೆಗೆ ಯಾದವಗಿರಿಯೆಂದು ಹೆಸರು. ಸಂಸ್ಕೃತ ಗ್ರಂಥಗಳಲ್ಲಿ ಮೇಲುಕೋಟೆಗೂ ಇದೇ ಹೆಸರು ಪ್ರಸಿದ್ಧವಾಗಿರುವುದರಿಂದ, ಹಳೆಯ ಲೇಖಗಳನ್ನು ನೋಡುವವರು ಈ ಎರಡನ್ನು ಒಂದೆಂದು ಭ್ರಮಿಸಬಾರದು. ಇಲ್ಲಿ ಪ್ರಸ್ತುತವಾದುದು ನಗರದ ಯಾದವಗಿರಿ. ಈ ಬಡಾವಣೆಯಲ್ಲಿ ಶ್ರೀ ರಾಮಕೃಷ್ಣ ವಿದ್ಯಾಶಾಲೆ ಇದೆ; ಪ್ರವೇಶ ಪರೀಕ್ಷೆಯಿಂದ ಆರಿಸಿದ ಬಾಲಕರನ್ನು ಮಾತ್ರ ಸೇರಿಸಿಕೊಳ್ಳುವ ಈ ವಸತಿಶಾಲೆ ೧೯೫೩ರಲ್ಲಿ ಸ್ಥಾಪಿತವಾಯಿತು. ಇದೇ ಬಡಾವಣೆಯಲ್ಲಿ, ತಾರುಣ್ಯದಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದ ಆರ್. ಕೆ. ನಾರಾಯಣರ ಮನೆಯೂ ಇದೆ. ಆಕಾಶವಾಣಿಯ ಮೈಸೂರು ನಿಲಯ ಇಲ್ಲಿಯೇ ಇದೆ. ಆ ಹೆಸರಿನ ಪ್ರಸಾರವನ್ನು ೧೯೩೫ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಬುದ್ಧಿಮಾಪನದ ಶಾಸ್ತ್ರವನ್ನು ಲಂಡನ್ನಿನಲ್ಲಿ ಕಲಿತು ಬಂದವರು. ಮಕ್ಕಳನ್ನು ಆರಿಸುವ ಶಾಲೆ, ಆರಿಸುವ ವಿದ್ಯೆ, ಆಯ್ಕೆಯಲ್ಲಿ ಹೊರಗುಳಿದವನ ಮನೆ ಈ ಮೂರೂ ಹೀಗೆ ಒಂದೇ ನೆರೆಯಲ್ಲಿ ಕೂಡಿರುವುದು ಆಕಸ್ಮಿಕವೇ ಸರಿ. ಆದರೂ ಆಯ್ಕೆಯ ಶಾಲೆಗೆ ತನ್ನ ಮಗುವನ್ನು ಕಳುಹಿಸಬಹುದೇ ಎಂದು ಯೋಚಿಸುವ ಗೃಹಸ್ಥನಿಗೆ ಈ ನೆರೆಯ ಚರಿತ್ರೆಯಿಂದ ತಿಳಿಯುವುದು ಕಡಿಮೆಯೇನಲ್ಲ.

ಕನ್ನಡನಾಡಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯಿಟ್ಟು, ಊಟ ವಸತಿಗಳನ್ನು ಕಲ್ಪಿಸಿ, ಪಾಠ ಹೇಳುವ ಪದ್ಧತಿ ಹೊಸದಲ್ಲ. ಕ್ರಿ. ಶ. ೯೪೫ರ ಸಾಲೊಟಗಿಯ ಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ ೨೭ ಮನೆಗಳ ನಿವೇಶನವನ್ನು ಬಿಟ್ಟುದನ್ನು ಹೇಳುತ್ತದೆ. ೧೦೫೮ರ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ ೨೦೦ ಮಂದಿಗೆ ಏರ್ಪಾಡು ಇದ್ದಿತಲ್ಲದೆ, ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೂ ಇದ್ದರು. ಇವು ನಿಶ್ಚಯವಾಗಿ ಆಯ್ಕೆಯ ವಿದ್ಯಾಸ್ಥಾನಗಳು. ಆದರೆ ಆರಿಸುವ ಜರಡಿಯ ಮೊದಲ ಕಣ್ಣು ಜನ್ಮವಾಗಿದ್ದಿತು; ಸಾಮರ್ಥ್ಯದ ವಿಚಾರಣೆ ಅದನ್ನು ದಾಟಿದವರಿಗೆ ಮಾತ್ರ. ಮಗುವಿಗೆ ಆ ಶಾಲೆ ಹೊಂದುವುದೇ ಎಂಬ ಪ್ರಶ್ನೆಯನ್ನು ತಂದೆತಾಯಿಗಳು ಕೇಳಬೇಕಾದ ಪ್ರಸಂಗವೇ ಆಗ ಇರಲಿಲ್ಲ. ಅದಕ್ಕೆ ಉತ್ತರ ಮಗು ಹುಟ್ಟುವ ಮೊದಲೇ ಸಿದ್ಧವಾಗಿರುತ್ತಿದ್ದಿತು.

ಮೈಸೂರು ಸಂಸ್ಥಾನದಲ್ಲಿ ಇದು ಬದಲಾದುದು ಬಹು ಮೆಲ್ಲಗೆ. ೧೮೩೩ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಮೈಸೂರಿನಲ್ಲಿ ಇಂಗ್ಲಿಷು ಕಲಿಸುವ ಉಚಿತ ಪಾಠಶಾಲೆಯನ್ನು ತೆರೆದರು; ಮುಂದೆ ಮಹಾರಾಜಾ ಕಾಲೇಜು ಬೆಳೆದುದು ಈ ಬೀಜದಿಂದಲೇ. ೧೮೬೮ರಲ್ಲಿ ಹೋಬಳಿಗೊಂದು ಪಾಠಶಾಲೆಯೆಂಬ ಯೋಜನೆ ನಡೆಗೆ ಬಂದಿತು. ಅದನ್ನು ನಡೆಸಿದವರು, ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಮಹಾಶಯರೇ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ದಿನವೂ ತಿರುವಿಹಾಕುವ ವಿದ್ವಾಂಸರು ಅವರು ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದುದನ್ನು ಮರೆಯುವುದುಂಟು. ೧೮೮೧ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮಹಾರಾಣಿಯವರ ಬಾಲಿಕಾ ಪಾಠಶಾಲೆ ಆರಂಭವಾಯಿತು. ಮೊದಮೊದಲು ಅಲ್ಲಿ ಉಚ್ಚವರ್ಣಗಳ ಬಾಲಿಕೆಯರಿಗೆ ಮಾತ್ರ ಪ್ರವೇಶ. ಹೆಣ್ಣುಮಕ್ಕಳನ್ನು ಮನೆಯಿಂದ ಹೊರಕ್ಕೆ ಕಳುಹಿಸಲು ಅಂಜುತ್ತಿದ್ದ ಕುಟುಂಬಗಳನ್ನು ಒಲಿಸಿಕೊಳ್ಳಲು ಈ ಕಟ್ಟಳೆ ಅನಿವಾರ್ಯವಾಗಿದ್ದಿತೆಂದು ಅದರ ಪಕ್ಷದವರು ವಾದಿಸಬಹುದು. ಆದರೆ ಒಂದು ಬಾಗಿಲನ್ನು ತೆರೆಯಲು ಇನ್ನೊಂದನ್ನು ಮುಚ್ಚಿದ ಕೆಲಸವೇ ಅದು.

ಪರೀಕ್ಷೆಯೆಂಬ ಜರಡಿ ಇಂಥ ಸ್ಥಿತಿಯಲ್ಲಿ ಬಂದುದರಿಂದಲೇ ಅದು ಅನೇಕರಿಗೆ ನ್ಯಾಯದ ಸಾಕ್ಷಾತ್ ರೂಪವಾಗಿ ಕಂಡಿತು. ಉತ್ತರಪತ್ರಿಕೆಗೆ ಕುಲವಿಲ್ಲ, ಗೋತ್ರವಿಲ್ಲ. ಆದರೆ ಉತ್ತರಪತ್ರಿಕೆಯನ್ನು ಬರೆಯುವ ಕೈಯ ಹಿಂದೆ ಮನೆಯೆಂಬುದೊಂದಿದೆ, ಆ ಮನೆಯಲ್ಲಿ ತಲೆಮಾರುಗಳಿಂದ ಅಕ್ಷರವಿದ್ದಿತೋ ಇಲ್ಲವೋ ಎಂಬುದೂ ಇದೆ. ಮಿಲ್ಲರ್ ಸಮಿತಿಯ ಕಾಲದಲ್ಲಿ ಸಂಸ್ಥಾನವನ್ನೆಲ್ಲ ಕದಡಿದ ವಿವಾದದ ತಿರುಳು ಇದೇ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮಾಜಗಳಿಗೆ ಪಾಲು ದೊರೆಯುವ ವಿಷಯವನ್ನು ವಿಚಾರಿಸಲು ೧೯೧೮ರಲ್ಲಿ ನೇಮಕವಾದ ಈ ಸಮಿತಿಯು ೧೯೧೯ರಲ್ಲಿ ವರದಿಯನ್ನೊಪ್ಪಿಸಿ, ಆ ಸಮಾಜಗಳ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಮೊದಲಾದ ಸಹಾಯಗಳನ್ನೂ ಶಿಫಾರಸು ಮಾಡಿತು. ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕೆಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ೧೯೧೮ರ ಕೊನೆಯಲ್ಲಿ ಅಧಿಕಾರದಿಂದ ನಿವೃತ್ತರಾದುದಕ್ಕೆ ಈ ಭಿನ್ನಾಭಿಪ್ರಾಯವು ಒಂದು ಮುಖ್ಯ ಕಾರಣ. ಎರಡು ಪಕ್ಷಗಳಲ್ಲಿಯೂ ಸತ್ಯವಿದ್ದಿತು. ಇಂದಿಗೂ ಆಯ್ಕೆಯ ಶಾಲೆಯ ಬಾಗಿಲಲ್ಲಿ ನಿಂತ ತಂದೆತಾಯಿಗಳು, ತಮಗೆ ತಿಳಿಯದೆಯೇ, ಈ ಎರಡರಲ್ಲೊಂದು ಪಕ್ಷದ ಮಾತನ್ನೇ ಆಡುತ್ತಿರುತ್ತಾರೆ.

ಇನ್ನು ಯಾದವಗಿರಿಯ ಮನೆಯ ವಿಷಯ. ನಾರಾಯಣರು ೧೯೦೬ರಲ್ಲಿ ಮದರಾಸಿನಲ್ಲಿ ಜನಿಸಿದರು. ತಂದೆ ಆರ್. ವಿ. ಕೃಷ್ಣಸ್ವಾಮಿ ಅಯ್ಯರವರು ಮೈಸೂರಿನ ಮಹಾರಾಜಾ ಕಲೀಜಿಯೇಟ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಬಂದಾಗ ಮಗನೂ ಮೈಸೂರಿಗೆ ಬಂದು ಸೇರಿದರು. ನಗರದ ಸರ್ಕಾರಿ ಹೈಸ್ಕೂಲುಗಳಲ್ಲಿ ಅತ್ಯಂತ ಮರ್ಯಾದೆಯುಳ್ಳ ಶಾಲೆ, ಅದರ ಮುಖ್ಯಸ್ಥಾನದಲ್ಲಿ ಸ್ವಂತ ತಂದೆ, ಕೈಗೆಟಕುವಂತೆ ಸಮೃದ್ಧವಾದ ಪುಸ್ತಕ ಭಂಡಾರ. ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶವನ್ನು ಊಹಿಸುವುದು ಕಷ್ಟ. ಹೀಗಿದ್ದೂ ಹುಡುಗನು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಒಂದು ವರ್ಷ ಮನೆಯಲ್ಲಿಯೇ ಕುಳಿತು ಓದಿದ್ದೂ ಬರೆದದ್ದೂ ಆಯಿತು. ೧೯೨೬ರಲ್ಲಿ ಪರೀಕ್ಷೆಯನ್ನು ದಾಟಿ ಮಹಾರಾಜಾ ಕಾಲೇಜನ್ನು ಸೇರಿದವರು, ಮೂರು ವರ್ಷಗಳಲ್ಲಿ ಮುಗಿಯಬೇಕಾದ ಬಿ. ಎ. ಪದವಿಗೆ ನಾಲ್ಕು ವರ್ಷಗಳನ್ನು ತೆಗೆದುಕೊಂಡರು. ಅವರ ಮೊದಲನೆಯ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ೧೯೩೫ರಲ್ಲಿ ಹೊರಬಂದಿತು. ಅದರ ವಸ್ತುವೇ ಪಾಠಶಾಲೆಯ ಹುಡುಗರ ಬಾಳು.

ಈ ವೃತ್ತಾಂತವನ್ನು, ಪರೀಕ್ಷೆಯಲ್ಲಿ ಸೋತವರೆಲ್ಲರೂ ದೊಡ್ಡವರಾಗುವರೆಂಬ ಸಮಾಧಾನದ ಕಥೆಯಾಗಿ ಹೇಳುವ ವಾಡಿಕೆಯುಂಟು. ಅದು ಇತಿಹಾಸದ ರೀತಿಯಲ್ಲ. ಆ ವರ್ಷ ಅನುತ್ತೀರ್ಣರಾದ ಉಳಿದ ಹುಡುಗರಲ್ಲಿ ಬಹುಮಂದಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರ ಮನೆಗಳು ಸ್ಮಾರಕಗಳಾಗಲಿಲ್ಲ. ನಾರಾಯಣರಿಗೆ ಒಂದು ವರ್ಷವನ್ನು ಮನೆಯಲ್ಲಿ ಕಳೆಯುವ ಅನುಕೂಲವಿದ್ದಿತು, ಆ ವರ್ಷಕ್ಕೆ ತಕ್ಕ ಪುಸ್ತಕಗಳಿದ್ದವು. ರೈತನ ಮಗನಿಗೋ ಗುಮಾಸ್ತೆಯ ಮಗನಿಗೋ ಅದೇ ಸೋಲು ವ್ಯಾಸಂಗದ ಕೊನೆಯಾಗುತ್ತಿದ್ದಿತು. ಆದುದರಿಂದ ಇಲ್ಲಿ ಗಮನಿಸಬೇಕಾದುದು ಪರೀಕ್ಷೆಯ ಮೌಢ್ಯಕ್ಕಿಂತ ಹೆಚ್ಚಾಗಿ, ಪರೀಕ್ಷೆಯು ಕೈಬಿಟ್ಟ ಮೇಲೆ ಮಗುವನ್ನು ಹಿಡಿದುಕೊಳ್ಳುವ ಆಸರೆ ಏನಿದ್ದಿತೆಂಬುದು. ನಾರಾಯಣರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರನ್ನು ಮುಂಬಯಿಯ ಜೆ. ಜೆ. ಕಲಾಶಾಲೆಯು ಸೇರಿಸಿಕೊಳ್ಳಲು ನಿರಾಕರಿಸಿತು. ಅವರು ಮೈಸೂರಿನಲ್ಲಿಯೇ ಪದವಿಯನ್ನು ಪಡೆದು ಮುಂದೆ ಅದೇ ಮುಂಬಯಿಯ ಪತ್ರಿಕೆಯಲ್ಲಿ ದೇಶಕ್ಕೆಲ್ಲ ಪರಿಚಿತರಾದ ವ್ಯಂಗ್ಯಚಿತ್ರಕಾರರಾದರು. ಒಂದೇ ಮನೆಯ ಇಬ್ಬರು ಮಕ್ಕಳ ವಿಷಯದಲ್ಲಿ ಎರಡು ಜರಡಿಗಳು ತಪ್ಪಿದುವು. ಮುಖ್ಯೋಪಾಧ್ಯಾಯರ ಮನೆಯಾದುದರಿಂದ ಆ ತಪ್ಪಿಗೆ ಬೆಲೆ ತೆರುವ ಶಕ್ತಿ ಅವರಿಗಿದ್ದಿತು.

ಅದೇ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬುದ್ಧಿಯನ್ನಳೆಯುವ ಶಾಸ್ತ್ರವು ನೆಲೆಗೊಂಡಿತು. ೧೯೨೪ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವು, ಕಲ್ಕತ್ತೆಯ ತರುವಾಯ, ಇಂಡಿಯಾದಲ್ಲಿ ಮೊದಲಿನವುಗಳಲ್ಲಿ ಒಂದು. ಅದನ್ನು ಕಟ್ಟಿದ ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರ ಶಿಷ್ಯರು. ಬುದ್ಧಿಯ ನಾನಾ ವ್ಯಾಪಾರಗಳ ಹಿಂದೆ ಸಾಮಾನ್ಯವಾದ ಒಂದೇ ಶಕ್ತಿಯಿದೆಯೆಂದೂ ಅದನ್ನು ಅಳೆಯಬಹುದೆಂದೂ ಸ್ಪಿಯರ್ಮನ್ನರು ೧೯೦೪ರಲ್ಲಿ ಪ್ರತಿಪಾದಿಸಿದ್ದರು. ಇಂಗ್ಲೆಂಡಿನಲ್ಲಿ ಈ ವಿಚಾರಸರಣಿಯು ಶಾಲೆಯ ಬಾಗಿಲಿಗೆ ಬಂದು ನಿಂತಿತು. ೧೯೪೪ರ ವಿದ್ಯಾಭ್ಯಾಸದ ಕಾನೂನಿನ ತರುವಾಯ ಹನ್ನೊಂದು ವರ್ಷದ ಮಕ್ಕಳಿಗೆಲ್ಲ ಒಂದು ಪರೀಕ್ಷೆ ನಡೆದು, ಗೆದ್ದವರು ಗ್ರಾಮರ್ ಶಾಲೆಗಳಿಗೂ ಉಳಿದವರಲ್ಲಿ ಬಹುಮಂದಿ ಸಾಮಾನ್ಯ ಶಾಲೆಗಳಿಗೂ ಹಂಚಿಹೋದರು. ಬಡವನ ಬುದ್ಧಿವಂತ ಮಗನಿಗೆ ಇದರಿಂದ ಉಪಕಾರವಾಯಿತೆಂಬುದು ಸುಳ್ಳಲ್ಲ. ಹನ್ನೊಂದನೆಯ ವಯಸ್ಸಿನಲ್ಲಿಯೇ ‘ಇವನು ಅಷ್ಟೇ’ ಎಂಬ ಮುದ್ರೆಯನ್ನು ಹೊತ್ತು ಬಾಳಿದವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ೧೯೬೫ರಲ್ಲಿ ಅಲ್ಲಿನ ಸರ್ಕಾರವೇ ಎಲ್ಲರಿಗೂ ಒಂದೇ ಬಗೆಯ ಶಾಲೆಗಳನ್ನು ಏರ್ಪಡಿಸುವಂತೆ ಸ್ಥಳೀಯ ಸಂಸ್ಥೆಗಳಿಗೆ ಸುತ್ತೋಲೆ ಕಳುಹಿಸಿತು. ಆದರೂ ಸುಮಾರು ೧೬೦ ಗ್ರಾಮರ್ ಶಾಲೆಗಳು ಇಂಗ್ಲೆಂಡಿನಲ್ಲಿ ಉಳಿದುಕೊಂಡಿವೆ. ಗೋಪಾಲಸ್ವಾಮಿಯವರನ್ನು ಮೈಸೂರಿನ ಜನ ನೆನೆಯುವುದು ಅವರ ಬುದ್ಧಿಮಾಪನಕ್ಕಾಗಿ ಅಲ್ಲ, ಯಾರನ್ನೂ ಆರಿಸದೆ ಊರಿಗೆಲ್ಲ ಕೇಳಿಸಿದ ಅವರ ಬಾನುಲಿಗಾಗಿ.

ರಾಮಕೃಷ್ಣ ಆಶ್ರಮವು ಮೈಸೂರಿನಲ್ಲಿ ಸ್ಥಾಪಿತವಾದುದು ೧೯೨೫ರಲ್ಲಿ. ಸ್ವಾಮಿ ಸಿದ್ಧೇಶ್ವರಾನಂದರ ವಾತ್ಸಲ್ಯಕ್ಕೆ ಪಾತ್ರರಾಗಿ ಕುವೆಂಪು ಅವರು ೧೯೨೬ರಿಂದ ಹತ್ತು ವರ್ಷಗಳ ಕಾಲ, ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಮಹಾರಾಜಾ ಕಾಲೇಜಿನ ಅಧ್ಯಾಪಕರಾಗಿ, ಆಶ್ರಮದಲ್ಲಿಯೇ ವಾಸಮಾಡಿದುದು ಸಾಹಿತ್ಯ ಚರಿತ್ರೆಯಲ್ಲಿ ವಿದಿತವಾಗಿದೆ. ಮಲೆನಾಡಿನಿಂದ ಬಂದು ಪಟ್ಟಣದಲ್ಲಿ ಅಸ್ವಸ್ಥನಾಗಿದ್ದ ತರುಣನೊಬ್ಬನಿಗೆ ಅಲ್ಲಿ ದೊರೆತ ಆಶ್ರಯವು ಯಾವ ಅಂಕಪಟ್ಟಿಯ ಬಲದಿಂದಲೂ ದೊರೆತುದಲ್ಲ. ಸ್ವಾಮಿ ಶಾಂಭವಾನಂದರ ಕಾಲದಲ್ಲಿ ವಿದ್ಯಾಶಾಲೆಯು ಹುಟ್ಟಿದಾಗ ಕಾರ್ಯವು ವಿಸ್ತಾರವಾಯಿತು, ಬಯಸುವವರ ಸಂಖ್ಯೆಯೂ ಬೆಳೆಯಿತು. ನಿಲಯದಲ್ಲಿ ಹಾಸಿಗೆಗಳಿರುವಷ್ಟೇ ಬಾಲಕರಿಗೆ ಸ್ಥಳ. ಬಾಗಿಲಲ್ಲಿ ಪರೀಕ್ಷೆಯನ್ನಿಡದೆ ಬೇರೆ ದಾರಿ ಉಳಿಯಲಿಲ್ಲ. ಇದು ಸರ್ಕಾರದ ಶಾಲೆಯಲ್ಲ. ಆಶ್ರಮದ ಆಡಳಿತಕ್ಕೆ ಸೇರಿದ್ದು. ಪ್ರಾರ್ಥನೆ, ಪಾಠ, ಆಟ, ವಿಶ್ರಾಂತಿಗಳೆಲ್ಲ ಗಂಟೆಗೆ ಸರಿಯಾಗಿ ನಡೆಯುವ ದಿನಚರಿಯೇ ಅಲ್ಲಿನ ಶಿಕ್ಷಣದ ಅರ್ಧಭಾಗ. ಕುಟುಂಬವು ಅಲ್ಲಿ ಆರಿಸಿಕೊಳ್ಳುವುದು ಪಾಠಶಾಲೆಯೊಂದನ್ನೇ ಅಲ್ಲ. ಹುಡುಗನಿಗೆ ಹನ್ನೆರಡು ಹದಿಮೂರರ ಪ್ರಾಯದಲ್ಲಿ ಮನೆಗೆ ಬದಲಾಗಿ ಇನ್ನೊಂದು ಮನೆಯನ್ನು. ಯಾದವಗಿರಿಯಲ್ಲಿಯೇ ಮನೆಯಿರುವವರಿಗೆ ಇದರ ವಿಚಿತ್ರವು ಚೆನ್ನಾಗಿ ತೋರುತ್ತದೆ: ಶಾಲೆ ಕೂಗಳತೆಯಲ್ಲಿದ್ದರೂ ನಿಲಯದ ಕಟ್ಟಳೆಗೆ ಒಳಪಟ್ಟ ಮಗ ದೂರದೂರಿನ ಹುಡುಗನಷ್ಟೇ ದೂರ. ಏಕಾಂತವನ್ನೂ ಸ್ವಂತ ಓದನ್ನೂ ಬಯಸುವ ಬಾಲಕನಿಗೆ ಈ ನಿಯತ ಜೀವನ ಭಾರವಾಗಬಹುದು. ಮನೆಯಲ್ಲಿ ಕ್ರಮವಿಲ್ಲದೆ ಚದರಿಹೋಗುವವನಿಗೆ ಅದೇ ಬೆನ್ನೆಲುಬಾಗಬಹುದು. ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಈ ವಿಷಯಕ್ಕೆ ಅಂಕಗಳಿಲ್ಲ. ಅದನ್ನು ತಿಳಿದವಳು ತಾಯಿ. ಮತ್ತೆ, ಆ ಬಾಲಕನಿಗೊಬ್ಬ ತಂಗಿಯಿದ್ದರೆ ಅವಳಿಗೆ ಈ ಬಾಗಿಲೇ ಇಲ್ಲ.

ಸರ್ಕಾರವೇ ನಡೆಸುವ ಆಯ್ಕೆಯ ಶಾಲೆಗಳಲ್ಲಿ ಇಂದು ಮುಖ್ಯವಾದುವು ಜವಾಹರ್ ನವೋದಯ ವಿದ್ಯಾಲಯಗಳು. ಬಿಜಾಪುರದ ಸೈನಿಕ ಶಾಲೆ ೧೯೬೩ರಲ್ಲಿಯೂ, ಬಾಲಿಕೆಯರಿಗಾಗಿ ಕಿತ್ತೂರಿನ ರಾಣಿ ಚೆನ್ನಮ್ಮ ವಸತಿಶಾಲೆ ೧೯೬೯ರಲ್ಲಿಯೂ ಹುಟ್ಟಿದ್ದರೂ ಜಿಲ್ಲೆಗೊಂದರಂತೆ ಹರಡಿದುದು ನವೋದಯಗಳೇ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾದ ಈ ಶಾಲೆಗಳ ಕಲ್ಪನೆಯನ್ನು ಮುಂದಿಟ್ಟು ನಡೆಸಿದವರು ಆಗಿನ ಶಿಕ್ಷಣಮಂತ್ರಿಗಳಾದ ಪಿ. ವಿ. ನರಸಿಂಹರಾವ್, ಆಂಧ್ರದ ಸರ್ವೇಲಿನಲ್ಲಿ ೧೯೭೧ರಲ್ಲಿ ಅಂಥದೇ ವಸತಿಶಾಲೆಯೊಂದು ಅವರ ಪ್ರೇರಣೆಯಿಂದ ಆರಂಭವಾಗಿದ್ದಿತು. ಇಲ್ಲಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆರನೆಯ ತರಗತಿಗೆ ಸಾಮಾನ್ಯವಾಗಿ ೮೦ ಸ್ಥಾನಗಳು. ಅವುಗಳಲ್ಲಿ ನೂರಕ್ಕೆ ಕಡಮೆಯೆಂದರೆ ೭೫ ಗ್ರಾಮಾಂತರದ ಮಕ್ಕಳಿಗೆ, ಎಂದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ. ಒಟ್ಟು ಸ್ಥಾನಗಳಲ್ಲಿ ಮೂರನೆಯ ಒಂದು ಪಾಲು ಬಾಲಿಕೆಯರಿಗೆ. ಯಾದವಗಿರಿಯ ಮಗು ಸ್ಪರ್ಧಿಸುವುದು ಉಳಿದ ೨೦ ಸ್ಥಾನಗಳಿಗೆ, ಅದೂ ಇಡೀ ಜಿಲ್ಲೆಯ ಮಕ್ಕಳೊಡನೆ. ಪರೀಕ್ಷೆಗೆ ಎರಡನೆಯ ಸಲ ಕುಳಿತುಕೊಳ್ಳುವಂತಿಲ್ಲ. ಎರಡು ಗಂಟೆಗಳಲ್ಲಿ ೮೦ ಪ್ರಶ್ನೆಗಳು. ೧೦೦ ಅಂಕಗಳಲ್ಲಿ ೫೦ ಅಂಕಗಳು ಆಕೃತಿಗಳನ್ನು ಹೋಲಿಸುವ, ಬಿಟ್ಟುಹೋದ ಭಾಗವನ್ನು ಗುರುತಿಸುವ ಮನಶ್ಶಕ್ತಿಯ ಪ್ರಶ್ನೆಗಳಿಗೆ, ೨೫ ಗಣಿತಕ್ಕೆ, ೨೫ ಭಾಷೆಗೆ. ಸ್ಪಿಯರ್ಮನ್ನರ ಪರಂಪರೆ ಹೀಗೆ ಕನ್ನಡದ ಪ್ರಶ್ನೆಪತ್ರಿಕೆಯಲ್ಲಿಯೂ ಉಸಿರಾಡುತ್ತಿದೆ.

ಈ ಶಾಲೆಗಳ ನ್ಯಾಯ ನಿಜವಾದುದು. ಮಿಲ್ಲರ್ ಸಮಿತಿಯ ಕಾಲದ ಎರಡು ಪಕ್ಷಗಳನ್ನು ಒಂದೇ ಕಟ್ಟಳೆಯಲ್ಲಿ ಕೂಡಿಸುವ ಪ್ರಯತ್ನ ಇಲ್ಲಿದೆ: ಪರೀಕ್ಷೆಯೂ ಉಂಟು, ಹಿಂದುಳಿದವರಿಗೆ ಮೀಸಲೂ ಉಂಟು. ನಗರದ ಗೃಹಸ್ಥನು, ತನ್ನ ಮಗುವಿಗೆ ೨೦ ಸ್ಥಾನಗಳೇ ಎಂದು ಮರುಗುವಾಗ, ನಗರದಲ್ಲಿ ಆ ಮಗುವಿಗೆ ಬೇರೆ ಎಷ್ಟು ಬಾಗಿಲುಗಳು ತೆರೆದಿವೆಯೆಂಬುದನ್ನೂ ಎಣಿಸಬೇಕಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ನೂರಕ್ಕೆ ೩೦ರಷ್ಟು ಮಕ್ಕಳನ್ನು ಹಿಂದಿ ಪ್ರಾಂತಗಳ ನವೋದಯಗಳೊಡನೆ ಒಂದು ವರ್ಷದ ಕಾಲ ವಿನಿಮಯ ಮಾಡುವ ನಿಯಮವುಂಟೆಂಬುದನ್ನು ಸೇರಿಸುವ ಮೊದಲೇ ತಿಳಿದಿರುವುದು ಲೇಸು. ಕೆಲವು ಮಕ್ಕಳಿಗೆ ಅದು ದೇಶದರ್ಶನ. ಕೆಲವರಿಗೆ ಎರಡನೆಯ ಸಲ ಮನೆ ಬಿಟ್ಟಂತೆ.

ನಾರಾಯಣರು ೧೯೮೬ರಲ್ಲಿ, ಎಂದರೆ ನವೋದಯದ ನೀತಿ ಹೊರಟ ವರ್ಷವೇ, ರಾಜ್ಯಸಭೆಗೆ ನಾಮಕರಣಗೊಂಡರು. ೧೯೮೯ರಲ್ಲಿ ಅವರು ಅಲ್ಲಿ ಮಾಡಿದ ಮೊದಲನೆಯ ಭಾಷಣದ ವಿಷಯ ಶಾಲೆಯ ಮಕ್ಕಳ ಬೆನ್ನಿನ ಚೀಲ. ಎಂಬತ್ತನ್ನು ಮುಟ್ಟಿದ ಗ್ರಂಥಕರ್ತರು ದೇಶದ ಹಿರಿಯರ ಸಭೆಯಲ್ಲಿ, ಪುಸ್ತಕಗಳ ಭಾರದಿಂದ ಬಗ್ಗಿ ನಡೆಯುವ, ಆಟಕ್ಕೆ ಹೊತ್ತಿಲ್ಲದ ಮಕ್ಕಳ ಪಕ್ಷವನ್ನು ವಹಿಸಿ ಮಾತನಾಡಿದರು. ೧೯೯೨ರಲ್ಲಿ ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ಮರುವರ್ಷ ತನ್ನ ವರದಿಯಲ್ಲಿ, ಚೀಲದ ತೂಕಕ್ಕಿಂತಲೂ ಅರ್ಥವಾಗದ ಪಾಠದ ತೂಕ ದೊಡ್ಡದೆಂಬ ನಿರ್ಣಯಕ್ಕೆ ಬಂದಿತು. ಚಿಕ್ಕ ಮಕ್ಕಳಿಗೆ ಪ್ರವೇಶ ಪರೀಕ್ಷೆಗಳನ್ನು ನಡೆಸುವ ಪದ್ಧತಿಯೂ ಆ ಕಾಲದ ಚರ್ಚೆಗಳಲ್ಲಿ ಖಂಡನೆಗೆ ಗುರಿಯಾಯಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾನೂನು ತನ್ನ ೧೩ನೆಯ ಪ್ರಕರಣದಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಮಕ್ಕಳನ್ನು ಸೋಸಿ ತೆಗೆದುಕೊಳ್ಳುವುದನ್ನು ನಿಷೇಧಿಸಿತು. ನವೋದಯದ ಪರೀಕ್ಷೆಯು ಮಾತ್ರ ನಡೆದುಬಂದಿದೆ.

ಆಯ್ಕೆಯ ಶಾಲೆಯಿಂದ ಮಗುವಿನ ವಿದ್ಯೆಗೆ ನಿಜವಾಗಿ ಆಗುವ ಲಾಭವೆಷ್ಟು? ಇದನ್ನು ವಿದ್ವಾಂಸರು ಈಚೆಗೆ ಜಾಣತನದಿಂದ ಪರೀಕ್ಷಿಸಿದ್ದಾರೆ. ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಸರ್ಕಾರಿ ಪರೀಕ್ಷಾ ಶಾಲೆಗಳಿಗೆ ಕೂದಲೆಳೆಯಲ್ಲಿ ಆಯ್ಕೆಯಾದವರನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರನ್ನೂ ಹೋಲಿಸಿದ ಸಂಶೋಧನ ಪ್ರಬಂಧವು ೨೦೧೪ರಲ್ಲಿ ಪ್ರಕಟವಾಯಿತು. ಮುಂದಿನ ಪರೀಕ್ಷೆಗಳಲ್ಲಿ ಈ ಎರಡು ಗುಂಪಿನ ಮಕ್ಕಳಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಶಾಲೆಯ ಕೀರ್ತಿಯಲ್ಲಿ ಬಹುಭಾಗವು ಅದು ಆರಿಸಿಕೊಂಡ ಮಕ್ಕಳಿಂದಲೇ ಬಂದುದೆಂದಾಯಿತು. ರುಮೇನಿಯದಲ್ಲಿ ನಡೆದು ೨೦೧೩ರಲ್ಲಿ ಹೊರಬಿದ್ದ ಇನ್ನೊಂದು ವಿಚಾರಣೆಯಲ್ಲಿ, ಉತ್ತಮ ಶಾಲೆಯನ್ನು ಸೇರಿದವರಿಗೆ ಅಂಕಗಳಲ್ಲಿ ಅಲ್ಪಸ್ವಲ್ಪ ಏಳಿಗೆ ಕಂಡುಬಂದರೂ, ತಂದೆತಾಯಿಗಳು ಪಾಠಕ್ಕೆ ಕೊಡುವ ನೆರವು ಕಡಮೆಯಾದುದೂ, ಅಂಚಿನಲ್ಲಿ ಒಳಬಂದ ಮಕ್ಕಳು ತಾವು ಕೀಳೆಂಬ ಭಾವನೆಗೆ ಒಳಗಾದುದೂ ತಿಳಿದುಬಂದಿತು. ಆಸ್ಟ್ರೇಲಿಯದ ಹರ್ಬರ್ಟ್ ಮಾರ್ಷರು ೧೯೮೦ರ ದಶಕದಲ್ಲಿಯೇ, ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಬಲಿಷ್ಠರ ನಡುವೆ ಓದುವವನಿಗೆ ತನ್ನ ವಿದ್ಯೆಯ ಮೇಲಿನ ನಂಬಿಕೆ ಕುಂದುವುದನ್ನು ತೋರಿಸಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂದು ಕನ್ನಡಿಗರು ಹಾಸ್ಯಮಾಡುವುದುಂಟು. ಆ ಗೌಡಿಕೆಯಿಂದ ಮಗುವಿಗೆ ದೊರೆಯುವ ಧೈರ್ಯವನ್ನು ಗಾದೆಯು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ವಿಚಾರಣೆಗಳನ್ನು ಮೈಸೂರಿಗೆ ಹಾಗೆಯೇ ಅನ್ವಯಿಸುವುದು ತಪ್ಪಾಗುತ್ತದೆ. ಬಾಸ್ಟನ್ನಿನಲ್ಲಿ ತಪ್ಪಿಸಿಕೊಂಡ ಬಾಲಕನಿಗೆ ನೆರೆಯಲ್ಲಿ ಇನ್ನೊಂದು ಒಳ್ಳೆಯ ಶಾಲೆ ಇರುವುದುಂಟು. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯ ಬಾಲಕಿಗೆ ನವೋದಯ ತಪ್ಪಿದರೆ ಉಳಿಯುವುದು ಬೇರೆ ಬಗೆಯ ಬಾಳು. ಅಲ್ಲಿ ಗಣಿತದ ಉಪಾಧ್ಯಾಯರಿರುವುದೂ, ಹೊತ್ತಿಗೆ ಸರಿಯಾದ ಊಟವೂ, ದೀಪವೂ, ಪುಸ್ತಕವೂ ಆಯ್ಕೆಯ ಜೊತೆಗೇ ಬರುತ್ತವೆ. ಯಾದವಗಿರಿಯ ಮಗುವಿಗೆ ಇವು ಆಯ್ಕೆಯಿಲ್ಲದೆಯೂ ಇವೆ. ಹೀಗಾಗಿ ಒಂದೇ ಶಾಲೆಯ ಒಂದೇ ಸ್ಥಾನವು ಇಬ್ಬರು ಮಕ್ಕಳಿಗೆ ಎರಡು ಬೇರೆ ವಸ್ತುಗಳು. ನಗರದ ಮಗುವಿನ ವಿಷಯದಲ್ಲಿ ನಿರ್ಣಾಯಕವಾದುದು ಶಾಲೆಯ ಹೆಸರಿಗಿಂತ ಮಗುವಿನ ಸ್ವಭಾವ: ಪ್ರಶ್ನೆಗಳನ್ನು ಆಟದಂತೆ ಬಿಡಿಸಿ ನಲಿಯುವ ಮಗುವೇ, ಎರಡು ವರ್ಷ ಬೆಳಗ್ಗೆ ಸಂಜೆ ಮನೆಪಾಠದಿಂದ ತಳ್ಳಿಸಿಕೊಂಡು ಅಂಚಿಗೆ ಬಂದ ಮಗುವೇ ಎಂಬುದು. ಎರಡನೆಯದಾದರೆ ಬಾಗಿಲು ದಾಟಿದ ಮೇಲೂ ತಳ್ಳುವ ಕೈ ಬೇಕಾಗುವುದು, ಮತ್ತು ನಿಲಯದಲ್ಲಿ ಆ ಕೈ ಇರುವುದಿಲ್ಲ.

ನಾರಾಯಣರ ಮನೆಯನ್ನು ೨೦೧೧ರಲ್ಲಿ ಕೆಡವಲು ತೊಡಗಿದ್ದರು. ಊರಿನವರ ಕೂಗಿನಿಂದ ಕೆಲಸ ನಿಂತು, ಅದು ಉಳಿದು, ೨೦೧೬ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನವೋದಯಗಳಲ್ಲಿ ಈಗ ಒಂಬತ್ತನೆಯ ತರಗತಿಯಲ್ಲಿ ತೆರವಾದ ಸ್ಥಾನಗಳಿಗೂ ಬೇರೆ ಪರೀಕ್ಷೆಯೊಂದು ನಡೆಯುತ್ತದೆ. ಆರನೆಯ ತರಗತಿಗೆ ಆಯ್ಕೆಯಾಗದೆ ಉಳಿದ ಮಕ್ಕಳೂ, ಆ ವೇಳೆಗೆ ಜಿಲ್ಲೆಯ ಮಾನ್ಯ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದರೆ, ಅದಕ್ಕೆ ಕುಳಿತುಕೊಳ್ಳಬಹುದು.